ಎರಡು ಸುತ್ತುಗಳ ನಡುವೆ ಖಾಲಿ ಬೋರ್ಡ್ ಹುಡುಕುವುದು

ಚೆಸ್ ಟೂರ್ನಮೆಂಟ್‌ಗೆ ಹೋಗಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಪಾಯಿಂಟ್ ಆಯ್ತು?" ಹೋದ ವರ್ಷ ಹುಬ್ಬಳ್ಳಿಯಲ್ಲಿ ನನಗಾದದ್ದು ಏಳಕ್ಕೆ ಎರಡೂವರೆ. ಆದರೆ ಆ ಮೂರು ದಿನ ನಾನು ಆಡಿದ್ದು ಒಟ್ಟು 26 ಆಟ. ಉಳಿದ 19 ಆಟ ಯಾವ ಪಟ್ಟಿಯಲ್ಲೂ ಇಲ್ಲ. ಅವೆಲ್ಲ ಹಾಲ್‌ನ ಹೊರಗೆ, ಮೆಟ್ಟಿಲ ಮೇಲೆ, ಊಟದ ಟೇಬಲ್ಲಿನ ತುದಿಯಲ್ಲಿ ನಡೆದವು. ಈ ಸಲ ನಮ್ಮ ಕಾಲೇಜಿನಿಂದ ಕೆಲವರು ಮೊದಲ ಬಾರಿಗೆ ಓಪನ್ ಟೂರ್ನಮೆಂಟ್‌ಗೆ ಹೊರಟಿದ್ದಾರೆ. ಹೊರಗಿನ ಆಟ ಹೇಗೆ ಸಿಗುತ್ತದೆ ಎಂದು ಅವರಿಗಾಗಿ ಬರೆಯುತ್ತಿದ್ದೇನೆ. ಒಳಗೆ ಗೆಲ್ಲುವುದು ಹೇಗೆ ಎಂದು ಕಲಿಸುವಷ್ಟು ನಾನು ದೊಡ್ಡವಳಲ್ಲ.

ಕಾಮರ್ಸ್ ವಿದ್ಯಾರ್ಥಿನಿಯಾಗಿ ಮೊದಲು ಲೆಕ್ಕ ಹೇಳುತ್ತೇನೆ. ಪ್ರವೇಶ ಶುಲ್ಕ, ಅಬ್ಬಾ ಮತ್ತು ನನ್ನ ಬಸ್ ಖರ್ಚು ಸೇರಿ 1,820 ರೂಪಾಯಿ ಆಯಿತು. ಖಾಲಾ ಮನೆಯಲ್ಲಿ ಉಳಿದಿದ್ದರಿಂದ ಅಷ್ಟಕ್ಕೇ ಮುಗಿಯಿತು. ಏಳು ಆಟಕ್ಕೆ ಹಂಚಿದರೆ ಆಟಕ್ಕೆ 260 ರೂಪಾಯಿ, ಇಪ್ಪತ್ತಾರಕ್ಕೆ ಹಂಚಿದರೆ 70.

ಇಷ್ಟು ಬಿಡುವು ಸಿಗುವುದು ಏಕೆ? ಓಪನ್ ಟೂರ್ನಮೆಂಟ್‌ಗಳು ಸಾಮಾನ್ಯವಾಗಿ ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಮೊದಲು ಬಳಸಿದ್ದಕ್ಕೆ ಆ ಹೆಸರು. ಸೋತವರು ಮನೆಗೆ ಹೋಗಬೇಕಿಲ್ಲ, ಸಮಾನ ಪಾಯಿಂಟ್ ಇರುವವರಿಗೆ ಮುಂದಿನ ಸುತ್ತಿನಲ್ಲಿ ಜೋಡಿ ಹಾಕುತ್ತಾರೆ. ಎಲ್ಲರ ಆಟ ಮುಗಿಯುವವರೆಗೆ ಆ ಜೋಡಿ ಪಟ್ಟಿ ಬರುವುದಿಲ್ಲ. ಮೊದಲ ಸುತ್ತಿನಲ್ಲಿ ಪಟ್ಟಿಯ ಮೇಲರ್ಧದವರನ್ನು ಕೆಳಗಿನ ಅರ್ಧದವರೊಂದಿಗೆ ಕೂರಿಸುವುದರಿಂದ ನಮ್ಮಂಥ ಹೊಸಬರ ಎದುರಿಗೆ ಬರುವವರು ಬಲಿಷ್ಠರೇ. ನಲವತ್ತು ನಿಮಿಷದಲ್ಲಿ ಆಟ ಮುಗಿದರೆ ಮುಂದೆ ಎರಡು ತಾಸು ಗೋಡೆ ನೋಡುತ್ತ ಕೂರಬೇಕು, ಇಲ್ಲವೇ ಹೊರಗೆ ಬೋರ್ಡ್ ಹುಡುಕಬೇಕು.

ಹಾಲ್ ಒಳಗೆ ಮಾತ್ರ ಹುಡುಕಬೇಡಿ. ಅಲ್ಲಿ ಟೇಬಲ್ ಖಾಲಿ ಕಂಡರೂ ಬೋರ್ಡು, ಗಡಿಯಾರ ಮುಂದಿನ ಸುತ್ತಿಗೆ ಇಟ್ಟದ್ದು. ಆಟ ಮುಗಿಸಿದವರು ನಿಯಮದ ಪ್ರಕಾರ ಬರೀ ಪ್ರೇಕ್ಷಕರು, ಪಿಸುಮಾತಿಗೂ ಆರ್ಬಿಟರ್ ಎದ್ದು ಬರುತ್ತಾರೆ. ಕೆಲವು ಕಡೆ ಆಟ ಚರ್ಚಿಸಲು ಬೇರೆ ಕೋಣೆ ಇರುತ್ತದೆ. ಇಲ್ಲದಿದ್ದರೆ ನೋಟಿಸ್ ಬೋರ್ಡ್ ಇರುವ ವರಾಂಡಕ್ಕೆ ಹೋಗಿ. ಜೋಡಿ ಪಟ್ಟಿ ನೋಡಲು ಎಲ್ಲರೂ ಅಲ್ಲಿಗೇ ಬರಬೇಕು.

ಗುಂಪು ಕಟ್ಟಿ ನಿಂತಲ್ಲಿ ಆಟ ನಡೆದಿದೆ ಎಂದರ್ಥ. ಸಾಮಾನ್ಯವಾಗಿ ಐದು ನಿಮಿಷದ ಆಟ. ಗೆದ್ದವರು ಕೂರುತ್ತಾರೆ, ಸೋತವರು ಏಳುತ್ತಾರೆ. ಆಟ ಮುಗಿಯುವ ತನಕ ಸುಮ್ಮನೆ ನಿಂತು, ಕಾಯಿ ಮತ್ತೆ ಜೋಡಿಸುವಾಗ "ಮುಂದಿನದು ನಾ ಆಡ್ಲೇನ್ರೀ?" ಎಂದರೆ ಸಾಕು. ನಡುವೆ ಬಾಯಿ ಹಾಕಿ ನಡೆ ಹೇಳಿಕೊಟ್ಟವರಿಗೆ ಸರದಿ ಸಿಗುವುದು ಕಷ್ಟ. ಎದುರಿನವರ ರೇಟಿಂಗ್ ನೋಡಿ ಹೆದರಬೇಡಿ. 2024ರ ಮಾರ್ಚ್‌ನಿಂದ ಫಿಡೆ ತನ್ನ ರೇಟಿಂಗ್‌ನ ಕನಿಷ್ಠ ಮಿತಿಯನ್ನು 1000ದಿಂದ 1400ಕ್ಕೆ ಏರಿಸಿದೆ, ಹೀಗಾಗಿ ಪಟ್ಟಿಯಲ್ಲಿ ಹೆಸರಿಲ್ಲದವರೇ ಹಾಲ್‌ನಲ್ಲಿ ಬಹಳ. ಹೊರಗಿನ ಆಟದಿಂದ ಯಾರ ರೇಟಿಂಗೂ ಏರುವುದಿಲ್ಲ, ಇಳಿಯುವುದಿಲ್ಲ. ಬಲಿಷ್ಠರು ತಾವು ಎರಡೇ ನಿಮಿಷ ಇಟ್ಟುಕೊಂಡು ನಿಮಗೆ ಐದು ಕೊಡುವುದೂ ಉಂಟು.

ನಿಮ್ಮನ್ನು ಈಗಷ್ಟೇ ಸೋಲಿಸಿದವರನ್ನು ಬಿಡಬೇಡಿ. ಕೈ ಕುಲುಕಿ, ಹೊರಗೆ ಬಂದು, "ಆಟ ಎಲ್ಲಿ ತಿರುಗಿತು, ತೋರಸ್ತೀರೇನ್ರೀ?" ಎಂದು ಕೇಳಿ. ನಾನು ಕೇಳಿದ ನಾಲ್ವರಲ್ಲಿ ಮೂವರು ಕೂತು ತೋರಿಸಿದರು. ಜಮಖಂಡಿಯಲ್ಲಿ ನನಗೆ ಕೋಚ್ ಇಲ್ಲ. ಕೋಚ್ ಹೇಳುವ ಮಾತು ನನಗೆ ಸಿಕ್ಕಿದ್ದು ಅಲ್ಲಿಯೇ.

ಹುಡುಗಿಯರಿಗೆ ಒಂದು ಮಾತು. ಹತ್ತು ಹುಡುಗರು ಮುತ್ತಿಕೊಂಡ ಬೋರ್ಡಿನ ಹತ್ತಿರ ಹೋಗಲು ನನಗೂ ಸಂಕೋಚವಾಯಿತು. ಅದಕ್ಕೆ ಉಪಾಯವೆಂದರೆ ನಮ್ಮದೇ ಬೋರ್ಡ್ ಒಯ್ಯುವುದು. ಸುರುಳಿ ಸುತ್ತುವ ಹಾಳೆಯಂಥ ಬೋರ್ಡು, ಪ್ಲಾಸ್ಟಿಕ್ ಕಾಯಿ ಒಂದು ಬಟ್ಟೆ ಚೀಲದಲ್ಲಿ ಹಿಡಿಯುತ್ತವೆ. ಗಡಿಯಾರಕ್ಕೆ ಅಬ್ಬಾ ಅವರ ಮೊಬೈಲ್‌ನಲ್ಲಿ ಆಪ್ ಇದೆ, ಅದೂ ಹಾಲ್‌ನ ಹೊರಗೆ ಮಾತ್ರ. ಕಿಟಕಿ ಪಕ್ಕ ಬೋರ್ಡ್ ಹಾಸಿ ಕಾಯಿ ಜೋಡಿಸಿ ಕೂತೆ. ಹತ್ತು ನಿಮಿಷದಲ್ಲಿ ಒಬ್ಬ ಹುಡುಗಿ ಬಂದು "ಯಾರರ ಬರೋರ ಅದಾರೇನು?" ಎಂದು ಕೇಳಿದಳು. ಆಮೇಲೆ ಸರದಿಯನ್ನು ನಾನೇ ಹೇಳಬೇಕಾಯಿತು.

ಇಲ್ಲಿ ಮಿಸ್ ಫಾತಿಮಾ ನೆನಪಾಗುತ್ತಾರೆ. ಸರ್ ಉಮರ್ ಹಯಾತ್ ಖಾನ್ ಅವರ ಮನೆವಾರ್ತೆಯ ಜೊತೆ ಇಂಗ್ಲೆಂಡಿಗೆ ಹೋಗಿದ್ದ ಇವರು 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು. ಅದೇ ಮನೆಯಲ್ಲಿದ್ದ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್. ಫಿಡೆ ಅವರಿಗೆ ಗ್ರ್ಯಾಂಡ್‌ಮಾಸ್ಟರ್ ಗೌರವ ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ದಶಕಗಳಾದ ಮೇಲೆ. ಸುಲ್ತಾನ್ ಖಾನ್ ಕಲಿತದ್ದು ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುವ ದೇಸಿ ಶತರಂಜ್.

ಆ ಮನೆ ನಿಯಮಗಳು ಇನ್ನೂ ಹೋಗಿಲ್ಲ, ನಮ್ಮ ದಾದಾ ಇವತ್ತಿಗೂ ಹಾಗೆಯೇ ಆಡುತ್ತಾರೆ. ಆದ್ದರಿಂದ ಗುರುತಿಲ್ಲದವರ ಜೊತೆ ಕೂರುವ ಮೊದಲು ಸಮಯ ಎಷ್ಟು, ಮುಟ್ಟಿದ ಕಾಯಿ ನಡೆಸಲೇಬೇಕೋ ಎಂದು ಕೇಳಿಕೊಳ್ಳಿ. ಜೋಹರ್ ನಮಾಜಿಗೆ ಏಳಬೇಕಿದ್ದರೆ ಅದನ್ನೂ ಮೊದಲೇ ಹೇಳಿ, ಯಾರೂ ಬೇಸರ ಮಾಡಿಕೊಂಡಿಲ್ಲ. ಭಾಷೆಯ ತೊಂದರೆ ಇಲ್ಲ. ವಜೀರ, ಪ್ಯಾದೆ ಎಂದು ನಾವು ಮನೆಯಲ್ಲಿ ಉರ್ದುವಿನಲ್ಲಿ ಅಂದರೂ ಈ ಕಡೆಯ ಕನ್ನಡದವರಿಗೆ ತಿಳಿಯುತ್ತದೆ.

"ಚಹಾ ಪಂದ್ಯ" ಎಂದು ಶುರುವಾಗಿ ನೂರರ ನೋಟಿಗೆ ಹೋಗುವ ಬೋರ್ಡುಗಳೂ ಇರುತ್ತವೆ. ಅಲ್ಲಿಂದ ಎದ್ದು ಬನ್ನಿ. ಚೆಸ್ ಆಡಬಹುದೇ ಎಂಬ ಬಗ್ಗೆ ಉಲೆಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ, ಪಣ ಕಟ್ಟಿದರೆ ಹರಾಮ್ ಎಂಬುದರಲ್ಲಿ ಇಲ್ಲ. ದುಡ್ಡು ಬಂದ ಬೋರ್ಡಿನಲ್ಲಿ ಹೊಸಬರಿಗೆ ಜಾಗವೂ ಇರುವುದಿಲ್ಲ.

ಕಿಟಕಿ ಪಕ್ಕ ಬಂದ ಆ ಹುಡುಗಿ ಬನಹಟ್ಟಿಯವಳು, ಅವರ ಮನೆಯಲ್ಲಿ ಮಗ್ಗಗಳಿವೆ. ಅವಳ ಹಿಂದೆ ಸರದಿಗೆ ನಿಂತವರು ಮುಧೋಳದ ಒಬ್ಬ ಮೇಷ್ಟ್ರು, ಬೀಳಗಿಯ ಅಣ್ಣ ತಮ್ಮ. ಇಷ್ಟು ಹತ್ತಿರದ ಊರಿನವರು ಒಬ್ಬರಿಗೊಬ್ಬರು ಗುರುತಾಗಲು ಹುಬ್ಬಳ್ಳಿಗೆ ಹೋಗಬೇಕಾಯಿತು! ಈಗ ತಿಂಗಳಿಗೆ ಒಂದು ಭಾನುವಾರ ಸರದಿಯ ಪ್ರಕಾರ ಒಂದೊಂದು ಊರಿನಲ್ಲಿ ಸೇರುತ್ತೇವೆ. ಮುಂದಿನ ಸರದಿ ಜಮಖಂಡಿಯದು, ನಾಲ್ಕು ಬೋರ್ಡ್ ಇರುತ್ತವೆ. ನನ್ನ ಹೆಚ್ಚಿನ ಬೋರ್ಡ್ ಒಂದನ್ನು ಗ್ರಂಥಾಲಯದ ಮೇಡಂ ಬಳಿ ಇಟ್ಟಿದ್ದೇನೆ. ಟೂರ್ನಮೆಂಟ್‌ಗೆ ಹೊರಟವರು ಸಹಿ ಮಾಡಿ ಒಯ್ಯಬಹುದು. ಕಪ್ಪು ಕುದುರೆ ಒಂದರ ಕಿವಿ ಮುರಿದಿದೆ, ಆಟಕ್ಕೆ ತೊಂದರೆಯಿಲ್ಲ.