ಪ್ರೊಸೆಸರ್ ಆಯ್ಕೆ: ಡೆಸ್ಕ್‌ಟಾಪ್ ಯಾವುದಕ್ಕೆ, ಸರ್ವರ್ ಯಾವುದಕ್ಕೆ?

ಕಾರ್ಖಾನೆಗೆ ಲೇತ್ ಯಂತ್ರವನ್ನು ಕೊಳ್ಳುವಾಗ ಅದರ ಬೆಡ್ ಉದ್ದವೆಷ್ಟು, ಸ್ಪಿಂಡಲ್ ವೇಗವೆಷ್ಟು, ಯಾವ ಬಗೆಯ ಕೆಲಸಕ್ಕೆ ಒದಗೀತು ಎಂದು ಹತ್ತು ಕಡೆ ವಿಚಾರಿಸುವ ಉದ್ಯಮಿಯೇ, ಗಣಕಯಂತ್ರದ ವಿಷಯ ಬಂದಾಗ ಮಾರಾಟಗಾರರು ಮುಂದಿಟ್ಟ ಕೊಟೇಶನ್ನನ್ನು ಒಪ್ಪಿಬಿಡುವುದುಂಟು. ಅದರಲ್ಲಿ ನಮೂದಾಗಿರುವ ಕೋರ್, ಗಿಗಾಹರ್ಟ್ಸ್, ಕ್ಯಾಶ್ ಮುಂತಾದ ಪದಗಳ ಅರ್ಥ ಸ್ಪಷ್ಟವಿಲ್ಲದಿರುವುದೇ ಇದಕ್ಕೆ ಕಾರಣ. ಅಂಕಿ ದೊಡ್ಡದಾದಷ್ಟೂ ಯಂತ್ರ ಉತ್ತಮವೆಂಬ ಭಾವನೆಯಿಂದ ಕೆಲವರು ನಕಾಶೆ ಬಿಡಿಸುವ ಮೇಜಿಗೆ ಸರ್ವರ್ ಪ್ರೊಸೆಸರನ್ನು ತಂದಿಡುತ್ತಾರೆ. ಮತ್ತೆ ಕೆಲವರು ಇಡೀ ಕಛೇರಿಯ ಲೆಕ್ಕಪತ್ರವನ್ನು ಆಟಕ್ಕೆಂದು ಜೋಡಿಸಿದ ಗಣಕದ ಮೇಲೆ ಹೊರಿಸುತ್ತಾರೆ. ಎರಡರಲ್ಲಿಯೂ ಹಣ ಹೋಗುತ್ತದೆ. ಎರಡನೆಯದರಲ್ಲಿ ಲೆಕ್ಕಕ್ಕೂ ಅಪಾಯವಿದೆ. ಈ ಎರಡು ಬಗೆಯ ಪ್ರೊಸೆಸರುಗಳ ವ್ಯತ್ಯಾಸವನ್ನು ಸದಸ್ಯರಿಗೆ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಮನೆತನಗಳು

ಗಣಕದ ಎಲ್ಲ ಲೆಕ್ಕಾಚಾರವನ್ನೂ ಮಾಡುವ ಬಿಲ್ಲೆಗೆ ಪ್ರೊಸೆಸರ್ ಅಥವಾ ಸಂಸ್ಕಾರಕ ಎಂದು ಹೆಸರು. ಅದರೊಳಗೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಪ್ರತಿಯೊಂದು ಘಟಕವೂ ಒಂದು ಕೋರ್. ಈ ಕ್ಷೇತ್ರದ ಎರಡು ಪ್ರಮುಖ ಸಂಸ್ಥೆಗಳಲ್ಲಿ ಇಂಟೆಲ್ 1998ರಲ್ಲಿ ಜಿಯಾನ್ ಎಂಬ ಹೆಸರಿನಿಂದ ಸರ್ವರ್ ಪ್ರೊಸೆಸರುಗಳಿಗೆ ಪ್ರತ್ಯೇಕ ಶ್ರೇಣಿಯನ್ನು ಆರಂಭಿಸಿತು. ಎಎಂಡಿ 2003ರಲ್ಲಿ ಆಪ್ಟೆರಾನ್ ಶ್ರೇಣಿಯೊಂದಿಗೆ ಅದೇ ಮಾರುಕಟ್ಟೆಗೆ ಇಳಿಯಿತು. ಮುಂದೆ 2017ರಲ್ಲಿ ಡೆಸ್ಕ್‌ಟಾಪ್‌ಗೆ ರೈಜೆನ್, ಸರ್ವರ್‌ಗೆ ಎಪಿಕ್, ಇವೆರಡರ ನಡುವಿನ ವರ್ಕ್‌ಸ್ಟೇಷನ್‌ಗೆ ಥ್ರೆಡ್‌ರಿಪ್ಪರ್ ಎಂದು ತನ್ನ ಸರಕನ್ನು ವಿಂಗಡಿಸಿತು.

ಎರಡು ನಿದರ್ಶನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. 2024ರ ಆಗಸ್ಟ್‌ನಲ್ಲಿ ಬಂದ ರೈಜೆನ್ 9 9950ಎಕ್ಸ್ ಡೆಸ್ಕ್‌ಟಾಪ್ ಪ್ರೊಸೆಸರಿಗೆ 16 ಕೋರುಗಳು, ಗರಿಷ್ಠ ವೇಗ 5.7 ಗಿಗಾಹರ್ಟ್ಸ್. ಅಮೆರಿಕದಲ್ಲಿ ಪ್ರಕಟವಾದ ಆರಂಭದ ಬೆಲೆ 649 ಡಾಲರ್. 2022ರ ನವೆಂಬರ್‌ನಲ್ಲಿ ಬಂದ ಎಪಿಕ್ 9654 ಸರ್ವರ್ ಪ್ರೊಸೆಸರಿಗೆ 96 ಕೋರುಗಳು, ಗರಿಷ್ಠ ವೇಗ 3.7 ಗಿಗಾಹರ್ಟ್ಸ್, ಪ್ರಕಟಿತ ಬೆಲೆ 11,805 ಡಾಲರ್. ಮೊದಲನೆಯದು ಮೆಮೊರಿಯೊಡನೆ ಎರಡು ಮಾರ್ಗಗಳಲ್ಲಿ ವ್ಯವಹರಿಸಿದರೆ ಎರಡನೆಯದು ಹನ್ನೆರಡು ಮಾರ್ಗಗಳಲ್ಲಿ ವ್ಯವಹರಿಸುತ್ತದೆ. ಬೆಲೆಯಲ್ಲಿ ಹದಿನೆಂಟು ಪಟ್ಟು ಅಂತರವಿದ್ದರೂ ಒಂದೊಂದು ಕೋರಿನ ಓಟದಲ್ಲಿ ದುಬಾರಿಯದೇ ಹಿಂದೆ. ಇದು ನ್ಯೂನತೆಯಲ್ಲ. ಒಂದೇ ಬಿಲ್ಲೆಯಲ್ಲಿ 96 ಕೋರುಗಳನ್ನು 360 ವ್ಯಾಟ್ ಮಿತಿಯೊಳಗೆ ಹಗಲಿರುಳು ನಡೆಸಬೇಕಾದಾಗ ಪ್ರತಿಯೊಂದನ್ನೂ ನಿಧಾನಿಸಲೇಬೇಕು. ಒಬ್ಬರಿಗೆ ಬೇಗನೆ ಉತ್ತರ ಕೊಡುವುದು ಡೆಸ್ಕ್‌ಟಾಪ್ ಪ್ರೊಸೆಸರಿನ ಗುರಿ. ನೂರಾರು ಮಂದಿಗೆ ಏಕಕಾಲದಲ್ಲಿ ಉತ್ತರ ಕೊಡುವುದು ಸರ್ವರ್ ಪ್ರೊಸೆಸರಿನ ಗುರಿ.

ಕೋರ್ ಹೆಚ್ಚಿದರೆ ವೇಗ ಹೆಚ್ಚುವುದೇ?

ಹಂಚಿಕೊಳ್ಳಬಹುದಾದ ಕೆಲಸವಾದರೆ ಹೆಚ್ಚುತ್ತದೆ, ಇಲ್ಲವಾದರೆ ಇಲ್ಲ. ಗಣಕ ವಿಜ್ಞಾನಿ ಜೀನ್ ಆಮ್‌ಡಾಲ್ 1967ರಲ್ಲಿ ಮಂಡಿಸಿದ ಈ ತತ್ತ್ವವನ್ನು ವರ್ಕ್‌ಶಾಪಿನ ಉದಾಹರಣೆಯಿಂದ ತಿಳಿಯಬಹುದು. ಒಂದು ಜಾಬ್‌ಗೆ ಹತ್ತು ಗಂಟೆ ಬೇಕು. ಅದರಲ್ಲಿ ಒಂದು ಗಂಟೆಯ ಮಾರ್ಕಿಂಗ್ ಕೆಲಸವನ್ನು ಒಬ್ಬನೇ ಮಾಡಬೇಕು. ಉಳಿದ ಒಂಬತ್ತು ಗಂಟೆಯ ಕೆಲಸವನ್ನು ಎಷ್ಟು ಯಂತ್ರಗಳಿಗಾದರೂ ಹಂಚಬಹುದು. ಹದಿನಾರು ಯಂತ್ರಗಳಿದ್ದರೆ ಒಟ್ಟು ಕೆಲಸ ಸುಮಾರು 94 ನಿಮಿಷಗಳಲ್ಲಿ ಮುಗಿಯುತ್ತದೆ. ಯಂತ್ರಗಳನ್ನು ಆರು ಪಟ್ಟು ಹೆಚ್ಚಿಸಿ 96 ಮಾಡಿದರೆ ಸುಮಾರು 66 ನಿಮಿಷ ಬೇಕು. ಉಳಿತಾಯವಾದದ್ದು 28 ನಿಮಿಷ ಮಾತ್ರ. ಯಂತ್ರಗಳು ಸಾವಿರವಾದರೂ ಒಂದು ಗಂಟೆಗಿಂತ ಕೆಳಗಿಳಿಯುವುದು ಅಸಾಧ್ಯ.

ಇದೂ ಎಲ್ಲ ಯಂತ್ರಗಳ ವೇಗ ಒಂದೇ ಎಂದು ಭಾವಿಸಿದ ಲೆಕ್ಕ. ಮೇಲಿನ ಎರಡು ಪ್ರೊಸೆಸರುಗಳ ಗರಿಷ್ಠ ವೇಗದ ಅನುಪಾತವನ್ನು ಸೇರಿಸಿದರೆ, ಆ ಒಂದು ಗಂಟೆಯ ಒಂಟಿ ಕೆಲಸಕ್ಕೇ ಸರ್ವರ್ ಪ್ರೊಸೆಸರಿನಲ್ಲಿ ಸುಮಾರು 92 ನಿಮಿಷ ಹಿಡಿಯುತ್ತದೆ. ಹಂಚಿದ ಕೆಲಸದ ಅವಧಿಯೂ ಕೂಡಿದಾಗ ಒಟ್ಟು ಸಮಯ ಸುಮಾರು 101 ನಿಮಿಷಗಳಾಗುತ್ತದೆ. ಅಂದರೆ ಶೇ. 90ರಷ್ಟು ಭಾಗ ಹಂಚಲು ಬರುವ ಕೆಲಸದಲ್ಲಿಯೂ 649 ಡಾಲರಿನ ಪ್ರೊಸೆಸರು 11,805 ಡಾಲರಿನದಕ್ಕಿಂತ ಮುಂದಿರಬಲ್ಲದು. ಗಡಿಯಾರದ ವೇಗವನ್ನಷ್ಟೇ ಹಿಡಿದು ಮಾಡಿದ ಸ್ಥೂಲ ಲೆಕ್ಕ ಇದಾದರೂ, ಆಯ್ಕೆಯ ಮೂಲಸೂತ್ರ ಇದರಲ್ಲಿಯೇ ಅಡಗಿದೆ.

ಆಟಕ್ಕೆ ಬೇಕಾದುದು

ಗಣಕದ ಆಟಗಳಿಗೆ ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ಚುರುಕು ಮುಖ್ಯ. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದಕ್ಕೆ ದೊರೆಯುವ ಕಾಲ 17 ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಆಟಗಾರನ ಚಲನೆ, ವಸ್ತುಗಳ ಘರ್ಷಣೆ, ಎದುರಾಳಿಯ ನಡೆ ಇವೆಲ್ಲ ಒಂದರ ನಂತರ ಒಂದು ನಿರ್ಧಾರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಆಜ್ಞೆ ಹೋಗಬೇಕು. ಹಿಂದಿನದು ಮುಗಿಯದೆ ಮುಂದಿನದು ಆರಂಭವಾಗದ ಕಾರಣ ಹಂಚಿಕೆಗೆ ಅವಕಾಶ ಕಡಿಮೆ.

ಇನ್ನೊಂದು ಅಗತ್ಯ ಕ್ಯಾಶ್ ಮೆಮೊರಿ. ಉಗ್ರಾಣಕ್ಕೆ ಹೋಗಿ ಸರಕು ತರುವುದಕ್ಕೂ ಅಂಗಡಿಯ ಕೈಯಳತೆಯ ಕಪಾಟಿನಿಂದ ತೆಗೆಯುವುದಕ್ಕೂ ಇರುವ ವ್ಯತ್ಯಾಸವೇ ಸಾಮಾನ್ಯ ಮೆಮೊರಿಗೂ ಕ್ಯಾಶ್ ಮೆಮೊರಿಗೂ ಇದೆ. 2024ರ ನವೆಂಬರ್‌ನಲ್ಲಿ ಬಂದ ರೈಜೆನ್ 7 9800ಎಕ್ಸ್3ಡಿ ಪ್ರೊಸೆಸರಿಗೆ ಕೇವಲ 8 ಕೋರುಗಳು. ಆದರೆ ಮೂರನೆಯ ಹಂತದ ಕ್ಯಾಶ್ 96 ಮೆಗಾಬೈಟ್. 479 ಡಾಲರಿಗೆ ಬಿಡುಗಡೆಯಾದ ಇದು ಹೆಚ್ಚಿನ ಆಟಗಳಲ್ಲಿ 16 ಕೋರಿನ ದುಬಾರಿ ಸಹೋದರನನ್ನು ಹಿಂದಿಕ್ಕಿತು. ಎಪಿಕ್ 9654ರಲ್ಲಿ 384 ಮೆಗಾಬೈಟ್ ಕ್ಯಾಶ್ ಇದೆಯಲ್ಲವೇ ಎಂದು ಕೇಳಬಹುದು. ಅದು 32 ಮೆಗಾಬೈಟಿನ ಹನ್ನೆರಡು ಭಾಗಗಳಾಗಿ ಹಂಚಿಹೋಗಿದ್ದು, ಒಂದು ಕೋರಿಗೆ ಹತ್ತಿರವಿರುವುದು ತನ್ನ ಪಾಲಿನ 32 ಮಾತ್ರ. ಕೊಟೇಶನ್ನಿನಲ್ಲಿ ಒಟ್ಟು ಮೊತ್ತವನ್ನು ಮಾತ್ರ ಕಾಣಿಸುವುದರಿಂದ ಈ ಅಂಶ ಮರೆಯಾಗುತ್ತದೆ.

ನಮ್ಮ ಕೆಲಸಗಳು ಯಾವ ಗುಂಪಿಗೆ?

ಆಟದ ವಿಚಾರ ನಮಗೇಕೆಂದು ಸದಸ್ಯರು ಭಾವಿಸಬಾರದು. ಟೂಲ್ ರೂಮಿನ ಕ್ಯಾಡ್ ವಿನ್ಯಾಸಕಾರನ ಕೆಲಸ ಸ್ವಭಾವದಲ್ಲಿ ಆಟವನ್ನೇ ಹೋಲುತ್ತದೆ. ಮೊದಲು ತಟ್ಟೆ, ಅದರ ಮೇಲೆ ರಂಧ್ರ, ರಂಧ್ರಕ್ಕೆ ಚ್ಯಾಂಫರ್ ಎಂದು ಪ್ರತಿ ಹೆಜ್ಜೆಯೂ ಹಿಂದಿನದನ್ನು ಅವಲಂಬಿಸಿರುವುದರಿಂದ, ಅಳತೆಯೊಂದನ್ನು ಬದಲಿಸಿದಾಗ ಮರುಲೆಕ್ಕ ಬಹುಪಾಲು ಒಂದೇ ಕೋರಿನ ಮೇಲೆ ಬೀಳುತ್ತದೆ. ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶ, ದೊಡ್ಡ ಸ್ಪ್ರೆಡ್‌ಶೀಟ್, ಬಿಲ್ ತಯಾರಿಕೆ ಇವುಗಳಿಗೆ ಮಧ್ಯಮ ಬೆಲೆಯ ಡೆಸ್ಕ್‌ಟಾಪ್ ಪ್ರೊಸೆಸರೇ ಸಾಕು. ಅಲ್ಲಿ ಉಳಿದ ಹಣವನ್ನು ಒಳ್ಳೆಯ ಎಸ್ಎಸ್‌ಡಿ ಹಾಗೂ ಹೆಚ್ಚಿನ ಮೆಮೊರಿಗೆ ವಿನಿಯೋಗಿಸಿದರೆ ಪ್ರಯೋಜನ ಅಧಿಕ.

ಉತ್ಪನ್ನದ ನೈಜ ಚಿತ್ರವನ್ನು ಪ್ರೊಸೆಸರಿನಲ್ಲಿಯೇ ರೆಂಡರ್ ಮಾಡುವುದು, ವಿಡಿಯೋ ಪರಿವರ್ತನೆ, ಎರಕದ ಅಚ್ಚಿನೊಳಗೆ ಲೋಹ ಹರಿಯುವ ಪರಿಯನ್ನು ಲೆಕ್ಕ ಹಾಕುವುದು ಇವು ಚೆನ್ನಾಗಿ ಹಂಚಿಕೊಳ್ಳುವ ಕೆಲಸಗಳು. ಇಲ್ಲಿ 16 ಕೋರಿನ ಡೆಸ್ಕ್‌ಟಾಪ್ ಮೊದಲ ಮೆಟ್ಟಿಲು. ದಿನವಿಡೀ ಇದೇ ಕೆಲಸವಾದರೆ ಥ್ರೆಡ್‌ರಿಪ್ಪರ್ ಅಥವಾ ಜಿಯಾನ್ ವರ್ಕ್‌ಸ್ಟೇಷನ್ ಮುಂದಿನದು. ಹಲವಾರು ಮಂದಿ ಒಂದೇ ದತ್ತಾಂಶದ ಮೇಲೆ ದುಡಿಯುವ ಇಆರ್‌ಪಿ, ಒಂದೇ ಯಂತ್ರದಲ್ಲಿ ಅನೇಕ ವರ್ಚುವಲ್ ಗಣಕಗಳು ಇವಕ್ಕೆ ಸರ್ವರ್ ಪ್ರೊಸೆಸರೇ ಯೋಗ್ಯ.

ಲೆಕ್ಕದ ವಿಶ್ವಾಸಾರ್ಹತೆ

ವೇಗಕ್ಕಿಂತಲೂ ಗಂಭೀರವಾದ ವಿಷಯ ಮತ್ತೊಂದಿದೆ. ಮೆಮೊರಿಯಲ್ಲಿ ಸೊನ್ನೆ ಒಂದಾಗಿ, ಒಂದು ಸೊನ್ನೆಯಾಗಿ ತಾನಾಗಿಯೇ ಬದಲಾಗುವ ಸಂದರ್ಭಗಳುಂಟು. 2003ರ ಮೇ 18ರಂದು ಬೆಲ್ಜಿಯಂ ದೇಶದ ಸ್ಕಾರ್‌ಬೇಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ ಇರಬೇಕಾದುದಕ್ಕಿಂತ 4,096 ಮತಗಳು ಹೆಚ್ಚಾಗಿ ದಾಖಲಾಗಿದ್ದವು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವ ಸಂಖ್ಯೆಯೇ 4,096. ತಂತ್ರಾಂಶದಲ್ಲಿ ದೋಷ ಸಿಗದಿದ್ದಾಗ, ಮೆಮೊರಿಯ ಒಂದೇ ಒಂದು ಬಿಟ್ ತಿರುಗಿದ್ದೇ ಕಾರಣವೆಂದು ತಜ್ಞರು ಅಭಿಪ್ರಾಯಪಟ್ಟರು. ಗೂಗಲ್‌ನ ಸರ್ವರ್‌ಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಶೇ. 8ಕ್ಕೂ ಹೆಚ್ಚು ಮೆಮೊರಿ ಫಲಕಗಳು ಇಂತಹ ದೋಷಕ್ಕೆ ಒಳಗಾದುದು ಕಂಡುಬಂದಿತು.

ಮತ ಎಣಿಕೆಯಲ್ಲಾದದ್ದು ಸಾಲಗಾರರ ಖಾತೆಯ ಬಾಕಿಯಲ್ಲಿಯೂ ಆಗಬಹುದು. ಒಂದು ಬಿಟ್ ತಪ್ಪಿದರೆ ತಾನೇ ಸರಿಪಡಿಸಿ, ಎರಡು ತಪ್ಪಿದರೆ ಎಚ್ಚರಿಸುವ ಮೆಮೊರಿಗೆ ಇಸಿಸಿ ಎಂದು ಹೆಸರು. ಜಿಯಾನ್, ಎಪಿಕ್ ಶ್ರೇಣಿಗಳಲ್ಲಿ ಇದು ಸಹಜವಾಗಿ ಇರುತ್ತದೆ. ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಮದರ್‌ಬೋರ್ಡ್ ಅದಕ್ಕೆ ಒದಗಿದರೆ ಮಾತ್ರ ಸಾಧ್ಯ. ಡಿಡಿಆರ್5 ಮೆಮೊರಿಯಲ್ಲಿ ಇಸಿಸಿ ಇದ್ದೇ ಇದೆ ಎಂಬ ಮಾತು ಮಾರುಕಟ್ಟೆಯಲ್ಲಿ ಕೇಳಿಬರುತ್ತದೆ. ಅದು ಮೆಮೊರಿ ಬಿಲ್ಲೆಯ ಒಳಗಿನ ರಕ್ಷಣೆ ಮಾತ್ರ. ಬಿಲ್ಲೆಯಿಂದ ಪ್ರೊಸೆಸರಿಗೆ ಸಾಗುವ ದಾರಿಗೆ ಅದರ ಕಾವಲಿಲ್ಲ.

ಅತಿವೇಗಕ್ಕೂ ಒಂದು ಬೆಲೆಯುಂಟು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹೆಚ್ಚಿನ ವೋಲ್ಟೇಜಿನ ಕಾರಣ ಅಸ್ಥಿರತೆ ತಲೆದೋರಿ, 2024ರಲ್ಲಿ ಸಂಸ್ಥೆಯು ಮೈಕ್ರೋಕೋಡ್ ತಿದ್ದುಪಡಿಗಳನ್ನು ಹೊರಡಿಸಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಈ ಪೀಳಿಗೆಯ ಗಣಕಗಳನ್ನು ಹೊಂದಿರುವವರು ಬಯೋಸ್ ನವೀಕರಣವಾಗಿದೆಯೇ ಎಂದು ಪರಿಶೀಲಿಸುವುದು ಒಳಿತು.

ಬೆಲೆಯ ಹಿಂದಿರುವ ವೆಚ್ಚ

ಪ್ರೊಸೆಸರಿನ ಬೆಲೆ ವೆಚ್ಚದ ಒಂದು ಭಾಗ ಮಾತ್ರ. ಸರಾಸರಿ 300 ವ್ಯಾಟ್ ಬಳಸುವ ಸರ್ವರ್ ವರ್ಷವಿಡೀ ನಡೆದರೆ 2,628 ಯೂನಿಟ್ ವಿದ್ಯುತ್ ಬೇಕು. 200 ವ್ಯಾಟಿನ ಡೆಸ್ಕ್‌ಟಾಪ್ ದಿನಕ್ಕೆ ಹತ್ತು ಗಂಟೆಯಂತೆ 300 ದಿನ ನಡೆದರೆ 600 ಯೂನಿಟ್. ಯೂನಿಟ್ಟಿಗೆ 8 ರೂ. ಎಂದು ಹಿಡಿದರೆ ಮೊದಲನೆಯದಕ್ಕೆ ಸುಮಾರು 21,000 ರೂ., ಎರಡನೆಯದಕ್ಕೆ 4,800 ರೂ. ಹವಾನಿಯಂತ್ರಣ ಹಾಗೂ ಯುಪಿಎಸ್ ವೆಚ್ಚ ಇದಕ್ಕೆ ಹೊರತು.

ತಂತ್ರಾಂಶದ ಪರವಾನಗಿಯನ್ನೂ ಮರೆಯಬಾರದು. ವಿಂಡೋಸ್ ಸರ್ವರ್ 2016ರ ಆವೃತ್ತಿಯಿಂದ ಕೋರುಗಳ ಎಣಿಕೆಯ ಮೇಲೆ ಮಾರಾಟವಾಗುತ್ತಿದ್ದು, ಸಾಮಾನ್ಯ ಪದ್ಧತಿಯಲ್ಲಿ ಯಂತ್ರವೊಂದಕ್ಕೆ ಕನಿಷ್ಠ 16 ಕೋರುಗಳ ಪರವಾನಗಿ ಅಗತ್ಯ. 96 ಕೋರಿನ ಯಂತ್ರ ಕೊಂಡವರು, ಬಳಸಲಿ ಬಿಡಲಿ, ಅದರ ಆರು ಪಟ್ಟು ತೆರಬೇಕಾಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ದತ್ತಾಂಶ ಕೇಂದ್ರಗಳಿಂದ ಹೊರಬಿದ್ದ ಹಳೆಯ ಜಿಯಾನ್ ಯಂತ್ರಗಳು ಕಡಿಮೆ ಬೆಲೆಗೆ ದೊರೆಯುವುದುಂಟು. 2016ರ ಜಿಯಾನ್ ಇ5-2680 ವಿ4 ಪ್ರೊಸೆಸರಿಗೆ 14 ಕೋರುಗಳಿದ್ದರೂ ಗರಿಷ್ಠ ವೇಗ 3.3 ಗಿಗಾಹರ್ಟ್ಸ್. ಇದು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪ್ರಯೋಗಕ್ಕೋ ಬ್ಯಾಕಪ್ಪಿಗೋ ಇವು ಆದೀತು. ಕ್ಯಾಡ್ ಮೇಜಿಗೆ ತಕ್ಕವಲ್ಲ.

ಸಣ್ಣ ಕಛೇರಿಗೆ ನಡುವಿನ ದಾರಿಯೊಂದಿದೆ. 2024ರ ಮೇ ತಿಂಗಳಲ್ಲಿ ಬಂದ ಎಪಿಕ್ 4004 ಶ್ರೇಣಿ ಡೆಸ್ಕ್‌ಟಾಪ್ ಸಾಕೆಟ್ಟಿನಲ್ಲಿಯೇ ಕುಳಿತು, ಗರಿಷ್ಠ 16 ಕೋರುಗಳನ್ನೂ ಇಸಿಸಿ ರಕ್ಷಣೆಯನ್ನೂ ಒದಗಿಸುತ್ತದೆ. ಇಂಟೆಲ್‌ನ ಜಿಯಾನ್ ಇ-2400 ಶ್ರೇಣಿಯೂ ಇದೇ ಉದ್ದೇಶದ್ದು.

ಖರೀದಿಗೆ ಮುನ್ನ

1. ಈಗಿನ ಗಣಕದಲ್ಲಿ ಕೆಲಸ ನಿಧಾನವಾದಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿರಿ. ಒಂದು ಕೋರ್ ಮಾತ್ರ ತುಂಬಿ ಉಳಿದವು ಖಾಲಿಯಿದ್ದರೆ ಬೇಕಾದುದು ವೇಗದ ಕೋರ್. ಎಲ್ಲವೂ ತುಂಬಿದ್ದರೆ ಹೆಚ್ಚು ಕೋರುಗಳು. ಎಲ್ಲವೂ ಖಾಲಿಯಿದ್ದು ಡಿಸ್ಕ್ ತುಂಬಿದ್ದರೆ ದೋಷ ಪ್ರೊಸೆಸರಿನದಲ್ಲ.

2. ಪ್ರೊಸೆಸರಿನ ಪೂರ್ಣ ಮಾದರಿ ಸಂಖ್ಯೆಯನ್ನು ಕೊಟೇಶನ್ನಿನಲ್ಲಿ ಬರೆಯಿಸಿಕೊಳ್ಳಿರಿ. ಬರಿಯ "ಜಿಯಾನ್" ಅಥವಾ "ಐ9" ಎಂಬುದರಿಂದ ಯಾವ ವರ್ಷದ ಸರಕೆಂದು ತಿಳಿಯದು.

3. ಇಡೀ ಸಂಸ್ಥೆಯ ಲೆಕ್ಕಪತ್ರವಿರುವ ಯಂತ್ರಕ್ಕೆ ಇಸಿಸಿ ಮೆಮೊರಿ ಹಾಗೂ ನಿತ್ಯದ ಬ್ಯಾಕಪ್ ಎರಡೂ ಇರಲಿ. ಒಂದು ಇನ್ನೊಂದಕ್ಕೆ ಬದಲಿಯಲ್ಲ.

4. ಸಾಧ್ಯವಾದರೆ ನಿಮ್ಮದೇ ನಕಾಶೆ, ನಿಮ್ಮದೇ ದತ್ತಾಂಶವನ್ನು ಒಯ್ದು ಮಾರಾಟಗಾರರ ಯಂತ್ರದಲ್ಲಿ ನಡೆಸಿ, ಹಿಡಿದ ಸಮಯವನ್ನು ಗುರುತು ಹಾಕಿಕೊಳ್ಳಿರಿ.

ವಿನ್ಯಾಸಕಾರನ ಮೇಜಿಗೆ ವೇಗದ ಡೆಸ್ಕ್‌ಟಾಪ್, ಲೆಕ್ಕಪತ್ರಕ್ಕೆ ಇಸಿಸಿಯುಳ್ಳ ಚಿಕ್ಕ ಸರ್ವರ್, ಹೀಗೆ ಎರಡು ಸಾಧಾರಣ ಯಂತ್ರಗಳನ್ನು ಇಟ್ಟುಕೊಂಡ ಸಂಸ್ಥೆಯು ಎರಡಕ್ಕೂ ಒಂದೇ ದುಬಾರಿ ಯಂತ್ರ ತಂದ ಸಂಸ್ಥೆಗಿಂತ ಹೆಚ್ಚಿನ ಸಂದರ್ಭಗಳಲ್ಲಿ ಕಡಿಮೆ ಖರ್ಚಿನಲ್ಲಿ ನೆಮ್ಮದಿಯಾಗಿರುತ್ತದೆ. ಒಂದು ಯಂತ್ರ ಕೆಟ್ಟ ದಿನವೂ ಇನ್ನೊಂದು ನಡೆಯುತ್ತಿರುತ್ತದೆ ಎಂಬುದನ್ನು ಸದಸ್ಯರು ಗಮನದಲ್ಲಿಡಬೇಕು.