‘ಹೊಸತು’ ಎಂಬ ಹಳೆಯ ಚೀಟಿ

ನಮ್ಮ ನಾಡಿನಲ್ಲಿ ಹೊಸಹಳ್ಳಿ, ಹೊಸೂರುಗಳಿಗೆ ಲೆಕ್ಕವಿಲ್ಲ. ಕೃಷ್ಣದೇವರಾಯನ ಕಾಲಕ್ಕೆ ಹೊಸದಾಗಿದ್ದ ಪೇಟೆ ಐನೂರು ವರ್ಷ ಕಳೆದ ಮೇಲೂ ಹೊಸಪೇಟೆಯೇ. ಊರಿನ ಹೆಸರಿಗೆ ಅಂಟಿಕೊಂಡ ‘ಹೊಸ’ ಯಾರಿಗೂ ತೊಂದರೆ ಕೊಡುವುದಿಲ್ಲ. ಬಸ್ಸಿನ ಬೋರ್ಡು ಓದಿ ಹತ್ತಿದವರು ಅಲ್ಲಿಳಿದು ಹೊಸತೇನಿದೆ ಎಂದು ಹುಡುಕುವುದೂ ಇಲ್ಲ. ಆದರೆ ಕಂಪ್ಯೂಟರ್ ತಂತ್ರಾಂಶದ ಕೈಪಿಡಿಯಲ್ಲಿ ‘ಇದು ಹೊಸತು’ ಎಂಬ ಚೀಟಿ ಹೀಗೆಯೇ ಅಂಟಿ ಕುಳಿತರೆ ಓದುವವರು ದಿನವೂ ಎಡವುತ್ತಾರೆ. ಸರಿ, ಕಿತ್ತುಹಾಕೋಣ ಎಂದು ಕೈಹಾಕಿದರೆ ಕೆಲವೊಮ್ಮೆ ಚೀಟಿಯ ಜೊತೆಗೆ ಗೋಡೆಯ ಗಾರೆಯೂ ಕಿತ್ತು ಬರುತ್ತದೆ.

ತಂತ್ರಾಂಶವೆಂಬುದು ಒಮ್ಮೆ ಬರೆದು ಮುಗಿಸುವ ವಸ್ತುವಲ್ಲ. ಸುಧಾರಣೆಗಳು ಸೇರಿದಂತೆಲ್ಲ ಅದಕ್ಕೆ ಹೊಸ ಸಂಖ್ಯೆ ಬೀಳುತ್ತದೆ. ಅದೇ ಆವೃತ್ತಿ. ಪ್ರತಿ ಆವೃತ್ತಿಯ ಜೊತೆಗೂ ಕೈಪಿಡಿ ಬೆಳೆಯುತ್ತದೆ. ಬೆಳೆಯುವಾಗ ಬರೆದವರು ಅಲ್ಲಲ್ಲಿ ಒಂದೊಂದು ಸಾಲು ಸೇರಿಸುತ್ತಾರೆ: ‘ಇದು ಇಂಥ ಆವೃತ್ತಿಯಲ್ಲಿ ಹೊಸತು’, ‘ಇಂಥ ಆವೃತ್ತಿಯಲ್ಲಿ ಇದು ಬದಲಾಯಿತು’, ‘ಇದನ್ನು ಇನ್ನು ಬಳಸಬೇಡಿ’. ಬರೆದ ದಿನ ಈ ಸಾಲುಗಳಷ್ಟು ಉಪಕಾರಿ ಬೇರೊಂದಿಲ್ಲ. ಹತ್ತು ವರ್ಷದ ಮೇಲೆ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೇ ನೋಡಿ. ನೆದರ್ಲೆಂಡ್ಸ್‌ನ ಗೀಡೋ ವಾನ್ ರಾಸಮ್ 1991ರಲ್ಲಿ ಲೋಕಕ್ಕೆ ಬಿಟ್ಟ ಈ ಭಾಷೆಯನ್ನು ಇಂದು ಎಂಜಿನಿಯರಿಂಗ್ ಕಾಲೇಜುಗಳ ಹುಡುಗರಿಂದ ಹಿಡಿದು ದೊಡ್ಡ ಕಂಪನಿಗಳವರೆಗೆ ಎಲ್ಲರೂ ಬಳಸುತ್ತಾರೆ. ಪಟ್ಟಿಯೊಂದನ್ನು ಕ್ರಮವಾಗಿ ಜೋಡಿಸಿಕೊಡುವ ‘ಸಾರ್ಟೆಡ್’ ಎಂಬ ಆಜ್ಞೆ ಅದರ 2.4ನೆಯ ಆವೃತ್ತಿಯಲ್ಲಿ, 2004ರಲ್ಲಿ, ಸೇರಿತು. ಪದವನ್ನು ಮೂರು ತುಂಡು ಮಾಡುವ ‘ಪಾರ್ಟಿಷನ್’ 2.5ರಲ್ಲಿ, 2006ರಲ್ಲಿ, ಬಂತು. ಎರಡಕ್ಕೂ ಕೈಪಿಡಿಯಲ್ಲಿ ‘ಹೊಸತು’ ಎಂಬ ಚೀಟಿ ಬಿತ್ತು. ಆಗಿನ್ನೂ ಹಳೆಯ ಆವೃತ್ತಿ ಇಟ್ಟುಕೊಂಡವರು ಬಹಳ ಮಂದಿಯಿದ್ದರು. ತಮ್ಮ ಯಂತ್ರದಲ್ಲಿ ಇದು ಓಡುತ್ತದೆಯೇ ಇಲ್ಲವೇ ಎಂದು ಅವರಿಗೆ ಆ ಒಂದು ಸಾಲಿನಿಂದ ತಿಳಿಯುತ್ತಿತ್ತು.

ಮುಂದೆ 2008ರ ಡಿಸೆಂಬರ್‌ನಲ್ಲಿ ಪೈಥಾನ್ 3 ಬಂತು. ಹಳೆಯ ಪ್ರೋಗ್ರಾಂಗಳು ಅದರಲ್ಲಿ ಹಾಗೆ ಹಾಗೇ ಓಡುವುದಿಲ್ಲ ಎಂಬಷ್ಟು ದೊಡ್ಡ ಬದಲಾವಣೆ ಅದು. ಮನೆ ಬದಲಿಸುವಾಗ ಅಟ್ಟ ಖಾಲಿ ಮಾಡುವಂತೆ, ಎರಡರ ಸರಣಿಯ ‘ಹೊಸತು’ಗಳನ್ನೆಲ್ಲ ಹೊಸ ಕೈಪಿಡಿಯಿಂದ ತೆಗೆದುಹಾಕಿದರು. ಸರಿಯಾದ ಕೆಲಸವೇ. ಮೂರನ್ನು ಓದುವವನಿಗೆ ಸಾರ್ಟೆಡ್ ಹುಟ್ಟಿದ್ದು 2.4ರಲ್ಲಿ ಎಂಬುದರಿಂದ ಆಗಬೇಕಾದ್ದೇನೂ ಇಲ್ಲ. ಚರಿತ್ರೆ ಬೇಕೆನ್ನುವವರಿಗೆ ‘ಈ ಆವೃತ್ತಿಯಲ್ಲಿ ಹೊಸತೇನು’ ಎಂಬ ಪ್ರತ್ಯೇಕ ಪ್ರಬಂಧಗಳು 2000ದಲ್ಲಿ ಬಂದ 2.0 ಆವೃತ್ತಿಯಿಂದ ಹಿಡಿದು ಇಂದಿಗೂ ಅದೇ ಕೈಪಿಡಿಯ ಬೇರೊಂದು ವಿಭಾಗದಲ್ಲಿವೆ. ಸುದ್ದಿ ಕಳೆದುಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೆ.

ಆದರೆ ಮೂರರ ಸರಣಿಗೂ ಈಗ ವಯಸ್ಸಾಗಿದೆ. ಫೈಲು ತೆರೆಯುವ ‘ಓಪನ್’ ಆಜ್ಞೆಯ ವಿವರಣೆಯ ಕೊನೆಗೆ ಹೋಗಿ ನೋಡಿ. 3.3ರಲ್ಲಿ ಬದಲಾದದ್ದು, 3.4ರಲ್ಲಿ ಬದಲಾದದ್ದು, 3.5, 3.6, 3.11 ಎಂದು ಬಾಲ ಉದ್ದಕ್ಕೆ ಸಾಗುತ್ತದೆ. ಒಂದೊಂದು ಆವೃತ್ತಿಗೆ ಸುಮಾರು ಐದು ವರ್ಷ ಮಾತ್ರ ಆರೈಕೆ. 3.5ರ ಆರೈಕೆ 2020ರಲ್ಲೇ ನಿಂತಿತು. ಹಾಗಿದ್ದರೆ 3.5ರ ಚೀಟಿಗಳನ್ನೆಲ್ಲ ಒಂದು ಚಿಕ್ಕ ಪ್ರೋಗ್ರಾಂ ಬರೆದು ಒಂದೇ ಏಟಿಗೆ ಅಳಿಸಬಾರದೇಕೆ?

ಅಳಿಸಬಾರದು. ಏಕೆಂದರೆ ಆ ಚೀಟಿಗಳಲ್ಲಿ ಎರಡು ಬಗೆಯ ಸರಕು ಬೆರೆತಿದೆ. ಒಂದು ಸುದ್ದಿ, ಇನ್ನೊಂದು ಸಂಗತಿ. ‘ಯಾವಾಗ’ ಎಂಬುದು ಸುದ್ದಿ, ಅದು ಹಳಸುತ್ತದೆ. ‘ಏನು’ ಎಂಬುದು ಸಂಗತಿ. ಅದು ಇಂದಿಗೂ ನಿಜ.

ಓಪನ್‌ನ 3.5ರ ಚೀಟಿಯಲ್ಲಿರುವ ಮಾತು ಸುಮಾರಾಗಿ ಹೀಗೆ: ಫೈಲು ತೆರೆಯುವ ಹೊತ್ತಿನಲ್ಲಿ ನಡುವೆ ಸಿಗ್ನಲ್ ಬಂದು ಕೆಲಸ ಕೆಟ್ಟರೆ, ಈಗ ಪೈಥಾನ್ ತಾನೇ ಮತ್ತೊಮ್ಮೆ ಪ್ರಯತ್ನಿಸುತ್ತದೆ, ಮೊದಲಿನಂತೆ ತಪ್ಪು ವರದಿ ಮಾಡಿ ಕೈಚೆಲ್ಲುವುದಿಲ್ಲ. ಸಿಗ್ನಲ್ ಎಂದರೆ ಮನೆಯಲ್ಲಿ ಅಡಿಗೆ ಮಾಡುತ್ತಿರುವಾಗ ಯಾರೋ ಬಾಗಿಲು ತಟ್ಟಿದಂತೆ, ಕಾರ್ಯಾಚರಣ ವ್ಯವಸ್ಥೆ ನಡುವೆ ಬಂದು ಪ್ರೋಗ್ರಾಮನ್ನು ಕರೆಯುವುದು. ಮೊದಲು ಹೀಗಾದಾಗ ಮತ್ತೆ ಪ್ರಯತ್ನಿಸುವ ಸಾಲುಗಳನ್ನು ಪ್ರೋಗ್ರಾಮರನೇ ಬರೆದುಕೊಳ್ಳಬೇಕಿತ್ತು. 2015ರಲ್ಲಿ 3.5 ಬಂದ ಮೇಲೆ ಆ ಹೊರೆ ಇಳಿಯಿತು. ಇರಲಿ, ಇದು ಹಳೆಯ ಕಥೆ. ಆದರೆ ಓಪನ್‌ನ ವಿವರಣೆಯಲ್ಲಿ ಈ ಸಂಗತಿ ಇರುವುದು ಆ ಚೀಟಿಯಲ್ಲಿ ಮಾತ್ರ! ‘3.5 ಸತ್ತು ವರ್ಷಗಳಾದವು’ ಎಂದು ಅದನ್ನು ಹರಿದೆಸೆದರೆ, ನಾಳೆ ಓದುವ ಹುಡುಗಿಗೆ ಇದನ್ನು ಹೇಳುವವರಿಲ್ಲ. ಅವಳು ಬೇಡದ ಹತ್ತು ಸಾಲು ಬರೆಯುತ್ತಾಳೆ, ಇಲ್ಲವೇ ಬೇರೊಬ್ಬರ ಪ್ರೋಗ್ರಾಂನಲ್ಲಿ ಆ ಸಾಲುಗಳಿಲ್ಲದ್ದು ಕಂಡು ತಪ್ಪೆಂದು ತಿದ್ದಲು ಹೊರಡುತ್ತಾಳೆ.

ಇದನ್ನು ಬಿಡಿಸುವ ದಾರಿಯನ್ನು ಅದೇ ಕೈಪಿಡಿಯೇ ಬೇರೊಂದು ಪುಟದಲ್ಲಿ ತೋರಿಸಿದೆ. ಪ್ರೋಗ್ರಾಮನ್ನು ಕೆಲವು ಸೆಕೆಂಡು ಮಲಗಿಸುವ ‘ಸ್ಲೀಪ್’ ಆಜ್ಞೆಗೂ ಅದೇ 3.5ರಲ್ಲಿ ಅದೇ ಬದಲಾವಣೆ ಆಯಿತು. ಮೊದಲು ಬಾಗಿಲು ತಟ್ಟಿದೊಡನೆ ನಿದ್ದೆ ಮುಗಿಯುತ್ತಿತ್ತು. ಈಗ ಎದ್ದು ನೋಡಿ, ಉಳಿದ ಹೊತ್ತನ್ನು ಲೆಕ್ಕ ಹಾಕಿ, ಮತ್ತೆ ಮಲಗುತ್ತದೆ. ಇಲ್ಲಿ ಈ ಮಾತು ಮುಖ್ಯ ವಿವರಣೆಯೊಳಗೇ ನೇರವಾಗಿ ಬಂದಿದೆ. ಚೀಟಿ ಬೇರೆಯಾಗಿ ಕೆಳಗಿದೆ. ಆ ಚೀಟಿಯನ್ನು ಯಾವತ್ತು ಕಿತ್ತರೂ ಗೋಡೆಗೆ ಏನೂ ಆಗುವುದಿಲ್ಲ.

‘ಡಿಕ್ಷನರಿ’ಯ ಪ್ರಕರಣ ಇದಕ್ಕಿಂತ ಸೂಕ್ಷ್ಮ. ಹೆಸರು ಮತ್ತು ಬೆಲೆಗಳ ಜೋಡಿಗಳನ್ನಿಡುವ ಈ ಪೆಟ್ಟಿಗೆಯಿಂದ ವಸ್ತುಗಳನ್ನು ಒಂದೊಂದಾಗಿ ತೆಗೆದರೆ ಯಾವ ಕ್ರಮದಲ್ಲಿ ಬರುತ್ತವೆ ಎಂದು ಹಿಂದೆ ಹೇಳುವಂತಿರಲಿಲ್ಲ. 3.6ರಲ್ಲಿ ಒಳಗಿನ ಕಟ್ಟಡ ಬದಲಾಗಿ, ಹಾಕಿದ ಕ್ರಮದಲ್ಲೇ ಬರತೊಡಗಿದವು. ಆದರೆ ಅದು ಆಕಸ್ಮಿಕ, ನೆಚ್ಚಿಕೊಳ್ಳಬೇಡಿ ಎಂದರು. 2018ರ 3.7ರಲ್ಲಿ ಅದೇ ಭಾಷೆಯ ಭರವಸೆಯಾಯಿತು. ಕೈಪಿಡಿಯ ಮುಖ್ಯ ಪಠ್ಯ ಇಂದು ‘ಹಾಕಿದ ಕ್ರಮ ಉಳಿಯುತ್ತದೆ’ ಎಂದು ಸ್ಪಷ್ಟವಾಗಿ ಹೇಳುತ್ತದೆ. ಹಾಗಾದರೆ 3.7ರ ಚೀಟಿ ಬೇಡವೇ? ನನ್ನ ಮಟ್ಟಿಗೆ ಹೇಳುವುದಾದರೆ ಇನ್ನೂ ಕೆಲವು ವರ್ಷ ಇರಲಿ. ಅದರಲ್ಲಿರುವುದು ದಿನಾಂಕವಷ್ಟೇ ಅಲ್ಲ, ‘ಭರವಸೆ’ ಎಂಬ ಪದ. ‘ಉಳಿಯುತ್ತದೆ’ ಎಂದರೆ ಸದ್ಯಕ್ಕೆ ಹಾಗೆ ಆಗುತ್ತದೆ ಎಂದೂ ಅರ್ಥವಾದೀತು, ಎಂದೆಂದಿಗೂ ಹಾಗೆಯೇ ಎಂದೂ ಆದೀತು. ಚೀಟಿ ತೆಗೆಯುವುದಾದರೆ ಆ ಪದವನ್ನು ಮೊದಲು ಮೇಲಕ್ಕೆತ್ತಿ ಪಠ್ಯದಲ್ಲಿಡಬೇಕು.

ಇನ್ನು, ಚೀಟಿ ಹಳತಾಯಿತೆಂದು ನಿರ್ಧರಿಸುವವರು ಯಾರು? ಭಾಷೆ ಕಟ್ಟಿದವರ ಕ್ಯಾಲೆಂಡರ್ ಒಂದು, ಅದನ್ನು ಬಳಸುವವರ ಕ್ಯಾಲೆಂಡರ್ ಇನ್ನೊಂದು. ಪೈಥಾನ್ 3.6ರ ಆರೈಕೆ 2021ರ ಡಿಸೆಂಬರ್‌ಗೆ ನಿಂತಿತು. ಆದರೆ ದೊಡ್ಡ ದೊಡ್ಡ ಕಚೇರಿಗಳ ಸರ್ವರ್‌ಗಳಲ್ಲಿ ಓಡುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಜೊತೆಗೆ ಬಂದ ಪೈಥಾನ್ 3.6ನೆಯದು, ಮತ್ತು ಆ ಲಿನಕ್ಸ್‌ಗೆ 2029ರ ಮೇ ತನಕ ಆಯುಷ್ಯವಿದೆ. ಅಂಥ ಯಂತ್ರದ ಮುಂದೆ ರಾತ್ರಿ ಪಾಳಿಯಲ್ಲಿ ಕುಳಿತ ಅಡ್ಮಿನಿಸ್ಟ್ರೇಟರ್ ಒಬ್ಬನನ್ನು ಊಹಿಸಿಕೊಳ್ಳಿ. ಬೇರೊಂದು ಪ್ರೋಗ್ರಾಮನ್ನು ಓಡಿಸಿ ಅದರ ಉತ್ತರ ಹಿಡಿಯಲು ‘ಸಬ್‌ಪ್ರೊಸೆಸ್ ರನ್’ ಎಂಬುದನ್ನು ಬಳಸಿ, ‘ಕ್ಯಾಪ್ಚರ್ ಔಟ್‌ಪುಟ್’ ಎಂದು ಬರೆಯುತ್ತಾನೆ. ಇಂಥ ಪದ ನನಗೆ ಗೊತ್ತಿಲ್ಲ ಎಂದು ಯಂತ್ರ ತಿರುಗಿಬೀಳುತ್ತದೆ. ಅಕ್ಷರ ತಪ್ಪಿದೆಯೇ, ಅಲ್ಪವಿರಾಮ ಬಿಟ್ಟಿದೆಯೇ ಎಂದು ಅವನು ಹುಡುಕುತ್ತಾ ಕೂರಬಹುದು. ಕೈಪಿಡಿಯ ಕೆಳಗೆ ‘3.7ರಲ್ಲಿ ಸೇರಿಸಿದ್ದು’ ಎಂಬ ಒಂದು ಸಾಲಿದೆ. ಅದನ್ನು ಕಂಡರೆ ಅರ್ಧ ನಿಮಿಷದಲ್ಲಿ ರೋಗ ಗೊತ್ತಾಗುತ್ತದೆ. ಅಂದಹಾಗೆ, ಆ ಚೀಟಿಗಳ ಒಕ್ಕಣೆಯಲ್ಲಿ ಈಚೆಗೆ ಒಂದು ಪುಟ್ಟ ಬದಲಾವಣೆಯಾಗಿದೆ. ಮೊದಲು ‘ಹೊಸತು’ ಎಂದಿದ್ದದ್ದು ಈಗ ‘ಸೇರಿಸಿದ್ದು’ ಎಂದಾಗಿದೆ. ‘ಹೊಸತು’ ಮುಪ್ಪಾಗುತ್ತದೆ, ‘ಸೇರಿಸಿದ್ದು’ ಆಗುವುದಿಲ್ಲ.

ಹಳೆಯ ಆವೃತ್ತಿಗೆ ಹಳೆಯ ಕೈಪಿಡಿಯನ್ನೇ ಓದಿದರಾಯಿತಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರತಿ ಆವೃತ್ತಿಯ ಕೈಪಿಡಿಯನ್ನೂ ಬೇರೆ ಬೇರೆಯಾಗಿ ಕಾಪಾಡುವವರಿಗೆ ಚೀಟಿ ಕೀಳುವ ಧೈರ್ಯ ಹೆಚ್ಚು. ಅಮೆರಿಕದ ಕ್ಯಾನ್ಸಸ್‌ನ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ ಹುಟ್ಟಿ 2005ರಲ್ಲಿ ಹೊರಬಂದ ಜಾಂಗೋ ಎಂಬ ತಂತ್ರಾಂಶದವರು ಹೀಗೆ ಮಾಡುತ್ತಾರೆ. ಹೊಸ ಆವೃತ್ತಿಗೆ ಕೈಹಾಕಿದಾಗ ಹಳೆಯ ಚೀಟಿಗಳನ್ನು ಒಂದೇ ಕಂತಿನಲ್ಲಿ ತೆಗೆಯುತ್ತಾರೆ. ಆವೃತ್ತಿವಾರು ಬಿಡುಗಡೆ ಟಿಪ್ಪಣಿಗಳನ್ನು ಮಾತ್ರ ಮುಟ್ಟುವುದಿಲ್ಲ. ಪೋಸ್ಟ್‌ಗ್ರೆಸ್ ದತ್ತಸಂಚಯದವರು 2019ರಲ್ಲಿ ಇನ್ನೂ ಮುಂದೆ ಹೋಗಿ, ಒಂದೊಂದು ಕೈಪಿಡಿಯಲ್ಲೂ ಆಯಾ ಆವೃತ್ತಿಯ ಬಿಡುಗಡೆ ಟಿಪ್ಪಣಿಗಳನ್ನಷ್ಟೇ ಉಳಿಸಿ, ಹಳೆಯವನ್ನೆಲ್ಲ ತಮ್ಮ ತಾಣದ ಪ್ರತ್ಯೇಕ ಭಂಡಾರಕ್ಕೆ ಸಾಗಿಸಿದರು. ಆದರೆ ಓದುಗ ಸರಿಯಾದ ಕೈಪಿಡಿಯ ಬಾಗಿಲಿಗೇ ಬರುತ್ತಾನೆಂದು ನಂಬುವಂತಿಲ್ಲ. ಹುಡುಕಾಟದ ಯಂತ್ರ ಅವನನ್ನು ಎಲ್ಲಿ ಇಳಿಸಿತೋ ಅಲ್ಲಿಂದಲೇ ಓದತೊಡಗುತ್ತಾನೆ.

ಕೀಳಲೇಬಾರದ ಚೀಟಿಗಳೂ ಲೋಕದಲ್ಲಿವೆ. ನಮ್ಮ ಸಂವಿಧಾನದ ಅಧಿಕೃತ ಪ್ರತಿ ತೆರೆದರೆ ಪ್ರಸ್ತಾವನೆಗೇ ಅಡಿಟಿಪ್ಪಣಿ ಸಿಗುತ್ತದೆ: 1976ರ 42ನೆಯ ತಿದ್ದುಪಡಿಯಿಂದ ಇಂಥ ಪದಗಳು ಬದಲಾದವು, 1977ರ ಜನವರಿ 3ರಿಂದ ಜಾರಿ ಎಂದು. ಅರ್ಧ ಶತಮಾನ ಕಳೆದರೂ ಅದನ್ನು ಯಾರೂ ತೆಗೆಯುವುದಿಲ್ಲ, ತೆಗೆಯಲೂಬಾರದು. ವ್ಯವಹಾರವೊಂದು ನಡೆದ ದಿನ ಕಾನೂನು ಹೇಗಿತ್ತು ಎಂಬುದು ನ್ಯಾಯಾಲಯಕ್ಕೆ ಬೇಕಾಗುತ್ತದೆ. ಕಾನೂನಿನ ಹಳೆಯ ಆವೃತ್ತಿ ಒಂದರ್ಥದಲ್ಲಿ ಸಾಯುವುದೇ ಇಲ್ಲ. ತಂತ್ರಾಂಶದ ಹಳೆಯ ಆವೃತ್ತಿ, ತಡವಾಗಿಯಾದರೂ, ಸಾಯುತ್ತದೆ.

ಕನ್ನಡ ಅಕ್ಷರಗಳಿಗೂ ಇಂಥ ಜಾತಕವೊಂದಿದೆ ಎಂಬುದು ಅನೇಕರಿಗೆ ಗೊತ್ತಿರಲಾರದು. ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿ ಅಕ್ಷರವೂ ಯಾವ ಆವೃತ್ತಿಯಲ್ಲಿ ಸೇರಿತೆಂಬ ಲೆಕ್ಕವಿದೆ. ನಮ್ಮ ಅ, ಆ, ಕ, ಖಗಳೆಲ್ಲ 1993ರ 1.1ನೆಯ ಆವೃತ್ತಿಯವು. ಹಳಗನ್ನಡ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ ‘ನಕಾರ ಪೊಲ್ಲು’ ಸೇರಿದ್ದು 2021ರ 14ನೆಯ ಆವೃತ್ತಿಯಲ್ಲಿ. ಹಳೆಯ ಫೋನಿನಲ್ಲಿ ಅದರ ಬದಲು ಖಾಲಿ ಚೌಕ ಕಂಡರೆ ಕಾರಣ ಇದೇ ಇರಬಹುದು. ಯೂನಿಕೋಡ್‌ನವರು ಈ ಲೆಕ್ಕವನ್ನು ‘ವಯಸ್ಸು’ ಎಂಬ ಹೆಸರಿನ ಪ್ರತ್ಯೇಕ ಕಡತದಲ್ಲಿಟ್ಟಿದ್ದಾರೆ. ಬೇಕಾದವರು ಅಲ್ಲಿ ನೋಡಬಹುದು, ಬೇಡದವರ ಕಣ್ಣಿಗೆ ಬೀಳುವುದಿಲ್ಲ. ಕೈಪಿಡಿ ಬರೆಯುವವರು ಅನುಕರಿಸಬಹುದಾದ ಜಾಣ ಏರ್ಪಾಡು ಇದು.

ಕೊನೆಗೂ ಚೀಟಿ ಕೀಳಲು ಕುಳಿತವರು ಮಾಡಬೇಕಾದ್ದು ಸಾವಧಾನದ ಕೆಲಸ. ಒಂದೊಂದನ್ನೂ ಓದಿ, ದಿನಾಂಕವನ್ನು ಬೆರಳಿನಿಂದ ಮುಚ್ಚಿ, ಉಳಿದದ್ದರಲ್ಲಿ ಏನಾದರೂ ಇದೆಯೇ ನೋಡಬೇಕು. ಇದ್ದರೆ ಅದು ಮೇಲಿನ ಪಠ್ಯದಲ್ಲಿದೆಯೇ ಹುಡುಕಬೇಕು. ಇಲ್ಲದಿದ್ದರೆ ಮೊದಲು ಸಾಗಿಸಿ, ಆಮೇಲೆ ಅಳಿಸಬೇಕು. ಸಾಗಿಸುವಾಗ ‘ಈಗ’, ‘ಇನ್ನು ಮುಂದೆ’ ಎಂಬ ಪದಗಳನ್ನು ಅಲ್ಲೇ ಬಿಡಬೇಕು. ಇವೂ ಸುದ್ದಿಯ ಬಾಲಗಳೇ. ಸಾಗಣೆ, ಅಳಿಸುವಿಕೆ ಎರಡನ್ನೂ ಒಂದೇ ಬಾರಿಗೆ ಮಾಡಿದರೆ ಪರಿಶೀಲಿಸುವವರಿಗೆ ಯಾವುದು ಹೋಯಿತು, ಯಾವುದು ಉಳಿಯಿತು ತಿಳಿಯದು. ‘ಅಳಿಸಿದ್ದೆಲ್ಲ ಗಿಟ್‌ನಲ್ಲಿ ಉಳಿದಿರುತ್ತದೆ’ ಎಂಬ ಸಮಾಧಾನ ಬರೆಯುವವರದ್ದು. ಪಾಠ ಕಲಿಯಲು ಬಂದ ವಿದ್ಯಾರ್ಥಿ ಗಿಟ್‌ನ ನೆಲಮಾಳಿಗೆಗಿಳಿದು ಹಳೆಯ ಸಾಲು ಅಗೆಯುವುದಿಲ್ಲ.

ಹೋದದ್ದರ ಗುರುತಿಗೆ ಮಾತ್ರ ಒಂದು ಕಲ್ಲು ಬೇಕೇ ಬೇಕು. ಪೈಥಾನ್‌ನ ‘ಡಿಸ್ಟ್‌ಯುಟಿಲ್ಸ್’ ಎಂಬ ಭಾಗವನ್ನು 3.10ರಲ್ಲಿ ಬಳಸಬೇಡಿ ಎಂದು ಹೇಳಿ, 2023ರ 3.12ರಲ್ಲಿ ತೆಗೆದುಹಾಕಿದರು. ಹಳೆಯ ಪುಸ್ತಕಗಳು ಅದನ್ನು ಇನ್ನೂ ಹೆಸರಿಸುತ್ತವೆ, ಜನ ಹುಡುಕಿಕೊಂಡು ಬರುತ್ತಾರೆ. ಹಾಗೆ ಬಂದವರಿಗೆಂದು ಕೈಪಿಡಿಯಲ್ಲಿ ಈಗ ಒಂದು ಪುಟ್ಟ ಪುಟವಿದೆ, ನಮ್ಮ ಊರ ಹೊರಗಿನ ವೀರಗಲ್ಲಿನ ಹಾಗೆ. ಬಳಸುವ ಕ್ರಮ, ಉದಾಹರಣೆ ಒಂದೂ ಅದರಲ್ಲಿಲ್ಲ. ಯಾವಾಗ ಹೋಯಿತು, ಯಾವ ತೀರ್ಮಾನದಿಂದ ಹೋಯಿತು, ಅದಿದ್ದ ಕೊನೆಯ ಆವೃತ್ತಿ 3.11 ಎಂದು ನಾಲ್ಕೈದು ಸಾಲು ಮಾತ್ರ.