ಬೆಳಗಾವಿಗೆ ಬಾರದ ಏಪ್ರಿಲ್ 1

ಹಳೆಯ ಮುಂಬಯಿ ರಾಜ್ಯದ ಗೇಣಿ ಕಾಯ್ದೆಯಲ್ಲಿ 1957ರ ಏಪ್ರಿಲ್ 1ಕ್ಕೆ ಒಂದು ಹೆಸರಿತ್ತು: ಉಳುವವರ ದಿನ. ಲಾವಣಿ ಹೊಲ ಉಳುತ್ತಿದ್ದ ಕುಳವೇ ಅಂದಿನಿಂದ ಅದನ್ನು ಕೊಂಡಂತೆ. ಬೆಲೆ ಗೊತ್ತುಮಾಡುವ ಕೆಲಸ ಸರ್ಕಾರದ್ದು, ಕಂತು ಕಟ್ಟುವುದಷ್ಟೇ ಉಳುವವನದು. ಬೆಳಗಾವಿ, ಖಾನಾಪುರದ ಕುಳಗಳಿಗೆ ಆ ದಿನ ಬರಲೇ ಇಲ್ಲ. ಐದು ತಿಂಗಳ ಹಿಂದಷ್ಟೇ, 1956ರ ನವೆಂಬರ್ 1ರಂದು, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಹೊಸ ಸರ್ಕಾರ ಆ ಕಲಮುಗಳನ್ನು ತಡೆಹಿಡಿಯಿತು.

ಪಕ್ಕದ ಚಂದಗಡದ ಕಥೆ ಬೇರೆ. ಅದೂ ಬೆಳಗಾವಿ ಜಿಲ್ಲೆಯದೇ ತಾಲ್ಲೂಕಾಗಿತ್ತು. ವಿಂಗಡಣೆಯಲ್ಲಿ ಕೊಲ್ಲಾಪುರಕ್ಕೆ ಹೋಯಿತು, ಮುಂಬಯಿ ಕಾಯ್ದೆಯಡಿಯೇ ಉಳಿಯಿತು. ನಿನ್ನೆಯವರೆಗೆ ಒಂದೇ ಕಲೆಕ್ಟರ್ ಕಚೇರಿಗೆ ಅಲೆದ ರೈತರಲ್ಲಿ ಕೆಲವರಿಗೆ ಒಡೆತನದ ಹಾದಿ ತೆರೆಯಿತು, ಉಳಿದವರು ಕಾಯುತ್ತ ಕೂತರು. ಏಕೀಕರಣ ಬೇಕೇ ಇತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪ್ರತಿ ನವೆಂಬರಿನಲ್ಲೂ ಅದರ ಸಂಭ್ರಮವನ್ನು ಪುಟಗಟ್ಟಲೆ ಬರೆಯುವ ನಾವು ಈ ಬಾಕಿಯ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲವಲ್ಲ, ಅದಕ್ಕೆ ಸಿಟ್ಟು ಬರುತ್ತದೆ.

ಹಲವು ಪ್ರಾಂತ್ಯಗಳಿಂದ ಕೂಡಿದ ರಾಜ್ಯಕ್ಕೆ ಒಂದೇ ಭೂಕಾನೂನು ಬೇಕಿತ್ತು ನಿಜ. ಅದಕ್ಕಾಗಿ ಬಿ.ಡಿ. ಜತ್ತಿಯವರ ಸಮಿತಿ ಕೂತಿತು. 1961ರ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದರಲ್ಲೂ ‘ಸ್ವಂತ ಸಾಗುವಳಿ’ಯ ಹೆಸರಿನಲ್ಲಿ ಮಾಲೀಕ ಹೊಲ ಮರಳಿ ಪಡೆಯಲು ದಾರಿಯಿತ್ತು. ಅಷ್ಟು ವರ್ಷದ ವಿಳಂಬ ಉಳ್ಳವನಿಗೆ ಪುರುಸೊತ್ತಾಯಿತು; ಕುಳಕ್ಕೆ, ಈ ಸುಗ್ಗಿ ಮುಗಿದರೆ ಹೊಲ ಬಿಡಿಸಿಯಾರೆಂಬ ಅಂಜಿಕೆ.

ಈ ಸೀಮೆಯ ಜನಕ್ಕೆ ಸರ್ಕಾರಿ ದಫ್ತರದ ಮೇಲಿನ ಅಪನಂಬಿಕೆ ಹಳೆಯದು. ಸಂಗೊಳ್ಳಿ ರಾಯಣ್ಣ ಊರ ಕಾವಲಿಗೆ ಪ್ರತಿಯಾಗಿ ಭೂಮಿ ಉಂಬಳಿ ಪಡೆದಿದ್ದ ಶೇತಸನದಿ. ಕಂಪನಿ ಸರ್ಕಾರ ಆ ಭೂಮಿಗೇ ಕೈಹಾಕಿತು. 1830ರ ಜನವರಿಯಲ್ಲಿ ಅವನ ದಂಡು ಇಂದಿನ ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿ ಕಚೇರಿಯನ್ನೇ ಸುಟ್ಟಿತು. ಹೊಲ ಯಾರದೆಂದು ಹೇಳುವ ಕಾಗದಪತ್ರಗಳೂ ಆ ದಂಡಿನ ಗುರಿಯಾಗಿದ್ದವು. ಮರುವರ್ಷ ಜನವರಿ 26ರಂದು ಅದೇ ತಾಲ್ಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕುದುರೆಯೇರಿದ ರಾಯಣ್ಣನ ಪ್ರತಿಮೆ ಊರೂರಿಗೂ ಬಂದಿದೆ. ಭೂಮಿ ಕಳೆದುಕೊಂಡ ಶೇತಸನದಿಯನ್ನು ನೆನೆಯುವವರು ಕಡಿಮೆ.

ಕಾನೂನು ಬಡವನ ಕಡೆ ನಿಜಕ್ಕೂ ವಾಲಿದ್ದು 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವ ಫಾರಂ ನಂ. 7 ತುಂಬಿ ಕೊಡಬೇಕಿತ್ತು. ಭೂ ನ್ಯಾಯಮಂಡಳಿಯೊಳಗೆ ವಕೀಲರಿಗೆ ಮೊದಮೊದಲು ಪ್ರವೇಶವೇ ಇರಲಿಲ್ಲ. ಫೀಸು ಕೊಡಲಾಗದವನೂ ಧಣಿಯ ಎದುರು ನಿಂತು ತಾನೇ ಮಾತಾಡಬಹುದಿತ್ತು. ಈ ಒಂದು ಕಲಮು ಹತ್ತು ಭಾಷಣಗಳಿಗಿಂತ ದೊಡ್ಡದು. ಅರ್ಜಿಯ ಗಡುವು 1979ರ ಜೂನ್ 30ಕ್ಕೆ ಮುಗಿಯಿತು. ಆಗ ತಪ್ಪಿಸಿಕೊಂಡವರಿಗೆ ತೊಂಬತ್ತರ ದಶಕದ ಕೊನೆಗೆ ಫಾರಂ 7ಎ ಎಂಬ ಸಣ್ಣ ಕಿಂಡಿಯೊಂದು ತೆರೆಯಿತು, ಅಷ್ಟೆ.

ಅದೇ 1974ರ ಕಾಯ್ದೆ ಕೃಷಿಯೇತರ ಆದಾಯ ವರ್ಷಕ್ಕೆ 12,000 ರೂಪಾಯಿ ದಾಟಿದವರು ಹೊಲ ಕೊಳ್ಳದಂತೆ 79ಎ ಕಲಮಿನ ಬೇಲಿ ಹಾಕಿತ್ತು. 2015ರ ಹೊತ್ತಿಗೆ ಆ ಮಿತಿ 25 ಲಕ್ಷಕ್ಕೆ ಏರಿತು. 2020ರಲ್ಲಿ ಬೇಲಿಯನ್ನೇ ಕಿತ್ತರು. ಅದೂ ಆ ವರ್ಷದಿಂದಲ್ಲ, 1974ರ ಮಾರ್ಚ್ 1ರಿಂದಲೇ ಅದು ಇರಲಿಲ್ಲವೆಂದು ಬರೆದರು. ನಿಯಮ ಮುರಿದು ಕೊಂಡವರ ಮೇಲಿದ್ದ ಪ್ರಕರಣಗಳು ಬಿದ್ದುಹೋದವು. ಹಣವಿದ್ದವನಿಗಾಗಿ ಕಾನೂನು 46 ವರ್ಷ ಹಿಂದಕ್ಕೆ ನಡೆಯಿತು. ಖಾನಾಪುರದ ಕುಳಕ್ಕಾಗಿ 1957ರ ಏಪ್ರಿಲ್ 1ರವರೆಗೆ, ಬರೀ 17 ವರ್ಷ ಹಿಂದಕ್ಕೆ ನಡೆಯಲು 1974ರಲ್ಲಿ ಯಾರಿಗೂ ಮನಸ್ಸಾಗಿರಲಿಲ್ಲ.